ಬಿಸಿಗಾಳಿಗೊಂದು ಬಾಗಿಲು

ಯಲಬುರ್ಗಾ ಸೀಮೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳ ಅಡುಗೆಕೋಣೆಯಲ್ಲಿ ಒಲೆಯ ಮೇಲ್ಭಾಗಕ್ಕೆ ಒಂದು ಬೆಳಕಿಂಡಿ ಇರುವುದುಂಟು. ಹೆಸರು ಬೆಳಕಿಂಡಿ ಎಂದಾದರೂ ಹೊಗೆಯನ್ನು ಹೊರಗೆ ಕಳಿಸುವುದು ಅದರ ಅರ್ಧ ಕೆಲಸ. ಮಳೆಗಾಲದಲ್ಲಿ ಅದನ್ನು ಮುಚ್ಚಿದಾಗ ನೋಡಬೇಕು, ಎಷ್ಟೇ ದೊಡ್ಡ ಕಿಟಕಿ ಇದ್ದರೂ ಹೊಗೆ ಒಳಗೇ ಸುತ್ತುತ್ತದೆ. ಕಿಟಕಿಯಿಂದ ಗಾಳಿ ನುಗ್ಗಿದಷ್ಟೂ ಕಣ್ಣುರಿ ಜಾಸ್ತಿ. ಮನೆ ಕಟ್ಟುವ ಗೌಂಡಿಗೆ ಯಾರೂ ಪಾಠ ಹೇಳದೆಯೇ ಗೊತ್ತಿದ್ದ ಈ ಸಂಗತಿಯನ್ನು ಕಾರು ಕಟ್ಟುವ ಎಂಜಿನಿಯರುಗಳು ಕಲಿಯಲು ಸುಮಾರು ಅರ್ಧ ಶತಮಾನ ಬೇಕಾಯಿತು.

ಸ್ಪೋರ್ಟ್ಸ್ ಕಾರುಗಳ ಚಿತ್ರ ನೋಡಿದವರಿಗೆಲ್ಲ ಅವುಗಳ ಮೈಮೇಲಿನ ಕಿಂಡಿಗಳು ಪರಿಚಿತ. ಬಾನೆಟ್ಟಿನ ಮೇಲೆ ಸಾಲುಸಾಲು ಸೀಳುಗಳು, ಮುಂದಿನ ಚಕ್ರದ ಹಿಂದೆ ಮೀನಿನ ಕಿವಿರಿನಂತಹ ತೆರಪುಗಳು, ಕೆಲವಕ್ಕೆ ಬಾಗಿಲಿನ ಮೇಲೂ ಒಂದು ತಗ್ಗು. ಇವೆಲ್ಲ ಅಂದಕ್ಕಾಗಿ ಎಂದು ತಿಳಿದವರೇ ಹೆಚ್ಚು. ಹಾಗೆ ತಿಳಿದೇ ಇರಬೇಕು, ಇಂದು ಪೇಟೆಯ ಆಕ್ಸೆಸರಿ ಅಂಗಡಿಗಳಲ್ಲಿ ಬಾನೆಟ್ಟಿಗೆ ಅಂಟಿಸುವ ಪ್ಲಾಸ್ಟಿಕ್ ಕಿಂಡಿಗಳು ಮಾರಾಟಕ್ಕಿವೆ. ಅವುಗಳ ಕೆಳಗೆ ತೂತೇ ಇರುವುದಿಲ್ಲ! ಇನ್ನು ಕೆಲವರು ಧೈರ್ಯ ಮಾಡಿ ಗ್ಯಾರೇಜಿನಲ್ಲಿ ನಿಜವಾಗಿಯೇ ಬಾನೆಟ್ ಕೊರೆಸುತ್ತಾರೆ. ಕೊರೆಸಿದ ಮೇಲೂ ಎಂಜಿನ್ ಕಾಯುವುದು ನಿಲ್ಲದಿದ್ದರೆ ಮಿಸ್ತ್ರಿಯನ್ನು ಬೈಯುತ್ತಾರೆ. ಮಿಸ್ತ್ರಿ ಕೊರೆದದ್ದರಲ್ಲಿ ತಪ್ಪಿಲ್ಲದಿರಬಹುದು, ಕೊರೆದ ಜಾಗವೇ ತಪ್ಪಿರಬಹುದು.

ಎಂಜಿನ್ ಏಕೆ ಕಾಯುತ್ತದೆ ಎಂಬುದನ್ನು ಮೊದಲು ನೋಡೋಣ. ಸುಟ್ಟ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು ಸ್ಥೂಲವಾಗಿ ನಾಲ್ಕನೇ ಒಂದರಿಂದ ಮೂರನೇ ಒಂದು ಪಾಲು ಮಾತ್ರ. ಹೆಚ್ಚುಕಡಿಮೆ ಅಷ್ಟೇ ಪಾಲು ಸೈಲೆನ್ಸರ್ ಮೂಲಕ ಹೊರಹೋಗುತ್ತದೆ. ಉಳಿದದ್ದನ್ನು ರೇಡಿಯೇಟರಿನ ನೀರು ಹೊತ್ತು ತಂದು ಗಾಳಿಗೆ ಒಪ್ಪಿಸಬೇಕು. ನೀರು ಮತ್ತು ಗಾಳಿಯ ನಡುವೆ ಉಷ್ಣಾಂಶದ ಅಂತರ ಎಷ್ಟಿದೆಯೋ ಅಷ್ಟರ ಮೇಲೆ ಈ ವ್ಯವಹಾರ ನಿಂತಿದೆ. ರೇಡಿಯೇಟರಿನ ನೀರು 95 ಡಿಗ್ರಿ ಇದೆ ಎನ್ನೋಣ. ಹೊರಗಿನ ಗಾಳಿ 25 ಡಿಗ್ರಿ ಇದ್ದರೆ ಅಂತರ 70. ಮೇ ತಿಂಗಳ ಯಲಬುರ್ಗಾದಲ್ಲಿ ಗಾಳಿಯೇ 42 ಡಿಗ್ರಿ ಮುಟ್ಟಿದ ದಿನ ಅಂತರ 53ಕ್ಕೆ ಇಳಿಯುತ್ತದೆ. ಅಂದರೆ ಅದೇ ರೇಡಿಯೇಟರ್, ಅದೇ ಫ್ಯಾನ್, ಆದರೆ ಹೊರಹಾಕುವ ಶಾಖ ಕಾಲುಭಾಗದಷ್ಟು ಕಡಿಮೆ. ತಂಪು ದೇಶದಲ್ಲಿ ಸಲೀಸಾಗಿ ಓಡುವ ಎಂಜಿನ್ ಬಯಲುಸೀಮೆಯಲ್ಲಿ ಕುದಿಯುವುದು ಇದೇ ಕಾರಣಕ್ಕೆ. ಬಾಡಿಗೆ ಗಾಡಿಯನ್ನೇ ನಂಬಿದವನಿಗೆ ಇದು ಅಂಕಿಅಂಶದ ಮಾತಲ್ಲ. ಹೆಡ್ ಗ್ಯಾಸ್ಕೆಟ್ ಹೋದರೆ ತಿಂಗಳ ದುಡಿಮೆ ಹೋದಂತೆ. ಎಂಜಿನ್ ಜಾಮ್ ಆದರೆ ಬ್ಯಾಂಕಿನ ಕಂತು ನಿಂತಂತೆ.

ಜೇನುಗೂಡು ಬಂತು

1886ರಲ್ಲಿ ಪೇಟೆಂಟ್ ಪಡೆದ ಕಾರ್ಲ್ ಬೆಂಜ್‌ನ ಮೂರು ಚಕ್ರದ ಗಾಡಿಗೆ ಬಾನೆಟ್ಟೇ ಇರಲಿಲ್ಲ. ಎಂಜಿನ್ ಹಿಂದೆ ಬಯಲಿನಲ್ಲೇ ಇತ್ತು. ಸಿಲಿಂಡರಿನ ಸುತ್ತಲಿನ ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ಹೋದಷ್ಟನ್ನು ಮತ್ತೆ ತುಂಬಬೇಕಿತ್ತು. 1888ರ ಆಗಸ್ಟ್‌ನಲ್ಲಿ ಅವನ ಹೆಂಡತಿ ಬರ್ಥಾ ಬೆಂಜ್ ಇಬ್ಬರು ಮಕ್ಕಳನ್ನು ಕರೆದುಕೊಂಡು ಮನ್‌ಹೈಮ್‌ನಿಂದ ಫೋರ್ಜ್‌ಹೈಮ್‌ಗೆ ಹೊರಟಾಗ, ನೂರು ಕಿಲೋಮೀಟರ್‌ಗೂ ಮಿಕ್ಕಿದ ಆ ದಾರಿಯುದ್ದಕ್ಕೂ ಸಿಕ್ಕಸಿಕ್ಕಲ್ಲಿ ನೀರು ಹಾಕುತ್ತಲೇ ಹೋಗಬೇಕಾಯಿತು. ಬೇಸಿಗೆಯಲ್ಲಿ ಹಳೆಯ ಲಾರಿಯಲ್ಲಿ ಕ್ಯಾನ್ ಹಿಡಿದು ಕೂತ ಕ್ಲೀನರ್ ಹುಡುಗನಿಗೆ ಇದಕ್ಕಿಂತ ದೊಡ್ಡ ಪೂರ್ವಿಕರು ಬೇಕಿಲ್ಲ.

ಮುಂದಿನ ದೊಡ್ಡ ಹೆಜ್ಜೆ ವಿಲ್‌ಹೆಲ್ಮ್ ಮೇಬ್ಯಾಕ್‌ನದು. 1900ರ ಕೊನೆಗೆ ಸಿದ್ಧವಾದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿಗೆ ಅವನು ಜೇನುಗೂಡಿನಂತಹ ರೇಡಿಯೇಟರ್ ಕೂಡಿಸಿದ. ಆರು ಮಿಲಿಮೀಟರ್ ಚೌಕದ 8,070 ಸಣ್ಣ ಕೊಳವೆಗಳು, ಹಿಂದೊಂದು ಫ್ಯಾನ್. ಅದುವರೆಗೆ ಬೇಕಾಗುತ್ತಿದ್ದ ನೀರಿನ ಅರ್ಧದಷ್ಟು, ಅಂದರೆ ಒಂಬತ್ತು ಲೀಟರ್, ಸಾಕಾಯಿತು. ಇಂದು ಓಡಾಡುವ ಗಾಡಿಗಳ ರೇಡಿಯೇಟರುಗಳೆಲ್ಲ ಅದರ ಸಂತತಿಯೇ ಎನ್ನಬಹುದು.

ಆದರೆ ಈ ಹೊಸ ರೇಡಿಯೇಟರ್ ಒಂದು ಹೊಸ ತೊಡಕನ್ನೂ ತಂದಿತು. ರೇಡಿಯೇಟರ್ ದಾಟಿದ ಗಾಳಿ ಬಿಸಿಯಾಗಿ ಬಾನೆಟ್ಟಿನೊಳಗೆ ಬರುತ್ತದೆ. ಅಲ್ಲಿ ಎಂಜಿನ್ ಮತ್ತು ಸೈಲೆನ್ಸರ್ ಕೊಳವೆಗಳ ಶಾಖವೂ ಸೇರುತ್ತದೆ. ಈ ಗಾಳಿ ಎಲ್ಲಿಗೆ ಹೋಗಬೇಕು? ಮೊದಮೊದಲು ಉತ್ತರ ಸರಳವಾಗಿತ್ತು. ಬಾನೆಟ್ಟಿನ ಎರಡೂ ಬದಿಯ ತಗಡಿಗೆ ಸಾಲಾಗಿ ಸೀಳು ಕೊಟ್ಟು, ಅಂಚನ್ನು ಸ್ವಲ್ಪ ಎತ್ತಿಬಿಡುವುದು. ಇದಕ್ಕೇ ಲೂವರ್ ಎಂದು ಹೆಸರು. 1924ರಲ್ಲಿ ಒಮ್ಮೆ, ಮತ್ತೆ 1927ರಿಂದ 1930ರವರೆಗೆ ಸತತ ನಾಲ್ಕು ಬಾರಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಪಂದ್ಯ ಗೆದ್ದ ಬೆಂಟ್ಲಿ ಕಾರುಗಳ ಉದ್ದನೆಯ ಬಾನೆಟ್ಟುಗಳು ಚರ್ಮದ ಪಟ್ಟಿಯ ಜೊತೆಗೆ ಈ ಸೀಳುಗಳಿಗೂ ಪ್ರಸಿದ್ಧ.

ಈ ಭಾಗದ ರಸ್ತೆಗೂ ಅದೇ ಕಾಲದಲ್ಲಿ ಮೋಟಾರು ಬಂತು. ಯಲಬುರ್ಗಾ ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ನಿಜಾಮರ ರೈಲ್ವೆಯ ಅಂಗವಾಗಿ 1932ರ ಜೂನ್‌ನಲ್ಲಿ 27 ಬಸ್ಸುಗಳು ಮತ್ತು 166 ನೌಕರರೊಂದಿಗೆ ಸರ್ಕಾರಿ ಬಸ್ ಸೇವೆ ಶುರುವಾಯಿತು. ದೇಶದ ಮೊದಲ ಸರ್ಕಾರಿ ಬಸ್ ಸೇವೆ ಎಂದು ಅದಕ್ಕೆ ಹೆಸರು. ಆ ಕಾಲದ ಸ್ಕಾಟ್ಲೆಂಡಿನ ಆಲ್ಬಿಯನ್ ಬಸ್ಸೊಂದನ್ನು ಹೈದರಾಬಾದಿನಲ್ಲಿ ಈಗಲೂ ಕಾಪಾಡಿ ಇಡಲಾಗಿದೆ. ಮಂಜು ಮತ್ತು ಮಳೆಯ ನಾಡಿನಲ್ಲಿ ತಯಾರಾದ ಬಸ್ಸುಗಳು ದಖ್ಖನ್ನಿನ ಬಿಸಿಲಿಗೆ ಬಂದಿದ್ದವು ಎಂಬುದನ್ನು ಮರೆಯುವಂತಿಲ್ಲ. ಮುಂದೆ 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಷೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. ಮೂತಿ ಮುಂದಕ್ಕೆ ಚಾಚಿದ ಆ ಲಾರಿಗಳ ಬಾನೆಟ್ಟಿನ ಪಕ್ಕದ ರೆಕ್ಕೆಗಳನ್ನು ತೆಗೆದಿಟ್ಟು ಘಾಟಿ ಹತ್ತಿಸುತ್ತಿದ್ದ ಚಾಲಕರನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಅದೂ ಒಂದು ಬಗೆಯ ಮಾರ್ಪಾಡೇ.

ವಿಮಾನ ಕಲಿಸಿದ ಪಾಠ

ಸೀಳು ಕೊಟ್ಟರೆ ಸಾಲದು, ಎಲ್ಲಿ ಕೊಡಬೇಕು ಎಂಬುದು ಮುಖ್ಯ ಎಂದು ಮೊದಲು ಅರಿತವರು ವಿಮಾನದ ಎಂಜಿನಿಯರುಗಳು. 1928ರಲ್ಲಿ ಅಮೆರಿಕದ ನಾಕಾ ಸಂಸ್ಥೆಯಲ್ಲಿ (ಇಂದಿನ ನಾಸಾದ ಪೂರ್ವರೂಪ) ಫ್ರೆಡ್ ವೀಕ್ ಮತ್ತು ಸಂಗಡಿಗರು ವಿಮಾನದ ಎಂಜಿನ್ನಿಗೆ ಒಂದು ಹೊದಿಕೆ ರೂಪಿಸಿದರು. ಬಯಲಿನಲ್ಲಿದ್ದ ಎಂಜಿನ್ನನ್ನು ಮುಚ್ಚಿದರೆ ಕಾಯುತ್ತದೆ ಎಂಬುದು ಸಾಮಾನ್ಯ ಬುದ್ಧಿ. ಆದರೆ ಗಾಳಿ ಹೊಗುವ ಬಾಯಿ ಮತ್ತು ಹೊರಡುವ ಬಾಯಿ ಎರಡನ್ನೂ ಅಳೆದು ಕೊಟ್ಟಾಗ ಎಂಜಿನ್ ತಂಪಾಗಿಯೇ ಇತ್ತು, ವಿಮಾನದ ವೇಗವೂ ಹೆಚ್ಚಿತು. 1935ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದ ಮೆರೆಡಿತ್ ಎಂಬ ಎಂಜಿನಿಯರ್ ಇನ್ನೂ ಮುಂದೆ ಹೋಗಿ, ರೇಡಿಯೇಟರಿನ ನಾಳವನ್ನು ಸರಿಯಾಗಿ ರೂಪಿಸಿದರೆ ಹೊರಹೋಗುವ ಬಿಸಿಗಾಳಿಯೇ ವಿಮಾನವನ್ನು ಅಲ್ಪಸ್ವಲ್ಪ ಮುಂದೆ ತಳ್ಳಬಲ್ಲದು ಎಂದು ಲೆಕ್ಕ ಹಾಕಿ ತೋರಿಸಿದ. ಎರಡನೇ ಮಹಾಯುದ್ಧದ ಮಸ್ಟಾಂಗ್ ವಿಮಾನದ ಹೊಟ್ಟೆಯ ಕೆಳಗಿನ ರೇಡಿಯೇಟರ್ ನಾಳದ ಕೊನೆಗೆ ತೆರೆದು ಮುಚ್ಚುವ ಬಾಗಿಲಿತ್ತು. ಗಾಳಿಯ ಪ್ರಮಾಣವನ್ನು ಹತೋಟಿಯಲ್ಲಿಡುತ್ತಿದ್ದುದು ಹಿಂದಿನ ಆ ಬಾಗಿಲು ಎಂಬುದನ್ನು ಗಮನಿಸಬೇಕು.

ಕರ್ನಾಟಕದಲ್ಲಿ ಈ ವಿದ್ಯೆ ಕಾಲಿಟ್ಟದ್ದು ಬೆಂಗಳೂರಿನಲ್ಲಿ. ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಮೈಸೂರು ಸರ್ಕಾರದ ಪಾಲುದಾರಿಕೆಯೊಂದಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. ಯುದ್ಧಕಾಲದಲ್ಲಿ ಅದು ಮಿತ್ರಪಡೆಗಳ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಯಿತು. ಅಲ್ಲಿಗೆ ಬರುತ್ತಿದ್ದ ಡಕೋಟಾ ವಿಮಾನಗಳ ಎಂಜಿನ್ ಹೊದಿಕೆಯ ಹಿಂಬದಿಯಲ್ಲಿ ಹೂವಿನ ಎಸಳಿನಂತೆ ಅರಳಿ ಮುಚ್ಚುವ ತಗಡಿನ ರೆಕ್ಕೆಗಳಿದ್ದವು. ನೆಲದ ಮೇಲೆ ನಿಂತಾಗ, ಮೇಲೇರುವಾಗ ಅವನ್ನು ತೆರೆಯುವುದು, ಹಾರಾಟ ಹದಕ್ಕೆ ಬಂದಾಗ ಮುಚ್ಚುವುದು. ಎಂಜಿನ್ನಿಗೆ ಗಾಳಿ ಹೆಚ್ಚು ಬೇಕಾದಾಗ ಅವರು ತೆರೆಯುತ್ತಿದ್ದುದು ಹಿಂಬಾಗಿಲು. ಮಾಳಿಗೆ ಮನೆಯ ಹೆಣ್ಣುಮಕ್ಕಳೂ ಒಲೆ ಹೊತ್ತಿಸುವ ಹೊತ್ತಿಗೆ ಮಾಡುತ್ತಿದ್ದುದು ಅದನ್ನೇ.

ಗಾಳಿಗೆ ಒಂದೇ ನಿಯಮ. ಒತ್ತಡ ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ಅದು ಹರಿಯುತ್ತದೆ. ಓಡುವ ಕಾರಿನ ಮೂತಿಯ ಎದುರು ಒತ್ತಡ ಹೆಚ್ಚು, ಹಾಗಾಗಿ ಅಲ್ಲಿ ಗ್ರಿಲ್. ಬಾನೆಟ್ಟಿನ ಮುಂಭಾಗದಲ್ಲಿ ಗಾಳಿ ಬಾಗಿ ಮೇಲಕ್ಕೆ ಹೊರಳುವ ಕಡೆ ಒತ್ತಡ ಕಡಿಮೆ. ಮುಂದಿನ ಚಕ್ರದ ಹಿಂಬದಿಯ ಪಕ್ಕದಲ್ಲೂ ಸಾಮಾನ್ಯವಾಗಿ ಕಡಿಮೆ. ಬಿಸಿಗಾಳಿಗೆ ಬಾಗಿಲು ಇಡಬೇಕಾದ ಜಾಗಗಳು ಇವು. ಇನ್ನು ಬಾನೆಟ್ ಮುಗಿದು ಮುಂಗಾಜು ಶುರುವಾಗುವ ಮೂಲೆಯಲ್ಲಿ ಗಾಳಿ ಗಾಜಿಗೆ ಬಡಿದು ನಿಲ್ಲುವುದರಿಂದ ಒತ್ತಡ ಮತ್ತೆ ಏರುತ್ತದೆ. ಬಹಳ ಜನ ಎಡವುವುದು ಇಲ್ಲೇ. ಬಾನೆಟ್ಟಿನ ಹಿಂಬದಿಯ ಕೀಲಿಗೆ ವಾಷರ್ ಕೂಡಿಸಿ ಒಂದು ಅಂಗುಲ ಎತ್ತಿಟ್ಟರೆ ಬಿಸಿ ಹೊರಗೆ ಹೋಗುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಇದೆ. ಗಾಡಿ ನಿಂತಾಗ ಬಿಸಿಗಾಳಿ ತಾನಾಗಿ ಮೇಲೇಳುವುದರಿಂದ ಅದು ನಿಜ. ಆದರೆ ಗಾಡಿ ವೇಗ ಹಿಡಿದ ಕೂಡಲೇ ಆ ಸಂದಿಯಿಂದ ಗಾಳಿ ಒಳಗೇ ನುಗ್ಗಬಹುದು. ರೇಡಿಯೇಟರ್ ದಾಟಿ ಬರುವ ಗಾಳಿಗೆ ಆಗ ಎದುರಾಳಿ ಸಿಕ್ಕಂತಾಗುತ್ತದೆ. ಸಂದೇಹವಿದ್ದವರು ಅಮೆರಿಕದ ಷೆವ್ರೊಲೆ ಕಂಪನಿಯ ಹಳೆಯ ಕಾರುಗಳನ್ನು ನೋಡಬಹುದು. 1970ರ ಆಸುಪಾಸಿನ ಅದರ ಕೆಲವು ಮಾದರಿಗಳಲ್ಲಿ ಎಂಜಿನ್ ಉಸಿರಾಡಲು ಬೇಕಾದ ಗಾಳಿಯನ್ನು ಮುಂಗಾಜಿನ ಬುಡದಿಂದಲೇ ಒಳಗೆ ಎಳೆದುಕೊಳ್ಳುತ್ತಿದ್ದರು!

ಕಿವಿರಿನಿಂದ ಪೆಟ್ಟಿಗೆಯವರೆಗೆ

ಯುದ್ಧ ಮುಗಿದ ಮೇಲೆ ಈ ತಿಳಿವಳಿಕೆ ಸ್ಪೋರ್ಟ್ಸ್ ಕಾರುಗಳಿಗೆ ಇಳಿಯಿತು. 1952ರಲ್ಲಿ ಪಂದ್ಯಕ್ಕಿಳಿದ ಮರ್ಸಿಡಿಸ್ 300 ಎಸ್‌ಎಲ್ ಕಾರಿನ ಪಕ್ಕೆಗಳು ನುಣುಪಾಗಿದ್ದವು. 1954ರಲ್ಲಿ ನ್ಯೂಯಾರ್ಕ್ ಪ್ರದರ್ಶನದಲ್ಲಿ ಅದರ ಮಾರಾಟದ ರೂಪ ಕಾಣಿಸಿಕೊಂಡಾಗ ಮುಂದಿನ ಚಕ್ರಗಳ ಹಿಂದೆ ದೊಡ್ಡ ಕಿಂಡಿಗಳು ಬಂದಿದ್ದವು. ಎಂಜಿನ್ ಕೋಣೆಯ ಬಿಸಿಗಾಳಿ ಅಲ್ಲಿಂದ ಹೊರಬೀಳುತ್ತಿತ್ತು. ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲುಗಳಿಂದ ಲೋಕಪ್ರಸಿದ್ಧವಾದ ಈ ಕಾರಿನ ಪಕ್ಕದ ಕಿಂಡಿಯನ್ನು ಕಂಪನಿ ತನ್ನ ಮುಂದಿನ ಸ್ಪೋರ್ಟ್ಸ್ ಕಾರುಗಳಲ್ಲೂ ಗುರುತಿನಂತೆ ಉಳಿಸಿಕೊಂಡು ಬಂದಿದೆ. ಉಪಯೋಗಕ್ಕೆ ಹುಟ್ಟಿದ್ದು ಕ್ರಮೇಣ ಅಲಂಕಾರವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

1961ರ ಜಾಗ್ವಾರ್ ಇ-ಟೈಪ್ ಕಾರಿಗೆ ರೂಪ ಕೊಟ್ಟ ಮಾಲ್ಕಮ್ ಸೇಯರ್ ಬ್ರಿಸ್ಟಲ್ ವಿಮಾನ ಕಂಪನಿಯಿಂದ ಬಂದವರು. ಉದ್ದ ಮೂತಿಯ ಆ ಬಾನೆಟ್ಟಿನ ಮೇಲೆ ಎರಡು ಸಾಲು ಲೂವರ್‌ಗಳಿದ್ದವು. ಮೊದಲ ಕಾರುಗಳಲ್ಲಿ ಲೂವರ್ ಇರುವ ತಗಡನ್ನು ಬೇರೆಯಾಗಿ ಮಾಡಿ ಬೆಸುಗೆ ಹಾಕುತ್ತಿದ್ದರು. ಆಮೇಲೆ ಬಾನೆಟ್ಟಿನ ತಗಡಿನಲ್ಲೇ ಅಚ್ಚು ಒತ್ತತೊಡಗಿದರು. ಇಷ್ಟಾದರೂ ಪೇಟೆಯ ನಿಧಾನ ಸಂಚಾರದಲ್ಲಿ ಬೇಗ ಕಾಯುವ ಕಾರೆಂಬ ಅಪಖ್ಯಾತಿ ಅದಕ್ಕೆ ತಪ್ಪಲಿಲ್ಲ. ಗಾಡಿ ಓಡದಿದ್ದರೆ ಒತ್ತಡದ ಅಂತರವೂ ಇಲ್ಲ. ಆಗ ಎಲ್ಲ ಭಾರವೂ ಫ್ಯಾನಿನ ಮೇಲೆ.

1962ರ ಫೆರಾರಿ 250 ಜಿಟಿಒ ಇನ್ನೊಂದು ಉಪಾಯ ಹೂಡಿತ್ತು. ಅದರ ಮೂತಿಯ ಮೇಲೆ ಅರ್ಧಚಂದ್ರಾಕಾರದ ಮೂರು ರಂಧ್ರಗಳು, ಅವುಗಳಿಗೆ ಕಳಚಬಹುದಾದ ಮುಚ್ಚಳಗಳು. ಸೆಖೆಯ ದಿನ ತೆಗೆಯುವುದು, ತಂಪಿನ ದಿನ ಹಾಕುವುದು.

ಆದರೆ ಕಿಂಡಿಗಳ ಕಥೆಯಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ಕಾರು ಇಟಲಿಯ ಲ್ಯಾಂಬೋರ್ಗಿನಿ ಕೌಂಟಾಷ್. 1971ರ ಮಾರ್ಚ್‌ನಲ್ಲಿ ಜಿನೀವಾದ ಪ್ರದರ್ಶನದಲ್ಲಿ ಅದರ ಮೊದಲ ಮಾದರಿ ಎಲ್‌ಪಿ500 ಕಾಣಿಸಿಕೊಂಡಾಗ ನೋಡಿದವರು ಬೆರಗಾದರು. ಬೆಣೆಯಂತೆ ಚೂಪಾದ ಮೈ, ಕತ್ತರಿಯಂತೆ ಮೇಲೇಳುವ ಬಾಗಿಲು. ಎಂಜಿನ್ ಇದ್ದದ್ದು ಚಾಲಕನ ಬೆನ್ನ ಹಿಂದೆ. ಅದಕ್ಕೆ ಗಾಳಿ ಕೊಡಲು ವಿನ್ಯಾಸಕಾರ ಮಾರ್ಚೆಲ್ಲೋ ಗಾಂದಿನಿ ಪಕ್ಕದ ಕಿಟಕಿಗಳ ಹಿಂದೆ ಅಚ್ಚುಕಟ್ಟಾದ ಸಣ್ಣ ಸೀಳುಗಳನ್ನು ಇಟ್ಟಿದ್ದರು. ರೇಖೆ ಎಲ್ಲಿಯೂ ಕೆಟ್ಟಿರಲಿಲ್ಲ. ಚಿತ್ರಕ್ಕೆ ಅದು ಸರಿ.

ರಸ್ತೆಗೆ ಸರಿಹೋಗಲಿಲ್ಲ. ನ್ಯೂಜಿಲೆಂಡಿನಿಂದ ಬಂದು ಅಲ್ಲಿ ಪರೀಕ್ಷಾ ಚಾಲಕರಾಗಿದ್ದ ಬಾಬ್ ವ್ಯಾಲೇಸ್ ಕಾರನ್ನು ಓಡಿಸಿ ನೋಡಿದಾಗ ಎಂಜಿನ್ ಅತಿಯಾಗಿ ಕಾಯುತ್ತಿತ್ತು. ಆ ಸಣ್ಣ ಸೀಳುಗಳು ಸಾಕಷ್ಟು ಗಾಳಿ ಹಿಡಿಯುತ್ತಿರಲಿಲ್ಲ. ಕೊನೆಗೆ ನಡೆದದ್ದು ಸೌಂದರ್ಯದ ದೃಷ್ಟಿಯಿಂದ ಅಪಚಾರವೇ. ಹಿಂದಿನ ಭುಜಗಳ ಮೇಲೆ ಎರಡು ದೊಡ್ಡ ಪೆಟ್ಟಿಗೆಗಳಂತಹ ಗಾಳಿಗೊಳವೆಗಳು ಎದ್ದವು. ಬಾಗಿಲಿನಿಂದ ಹಿಂದಿನ ಚಕ್ರದ ಕಡೆಗೆ ತ್ರಿಕೋನಾಕಾರದ ಉದ್ದನೆಯ ತಗ್ಗನ್ನು ಕೊರೆಯಲಾಯಿತು. ಈ ತಗ್ಗಿಗೆ ನಾಕಾ ನಾಳ ಎಂದೇ ಹೆಸರು. ಮೈಯಿಂದ ಹೊರಚಾಚದೆ, ಹೊರಗಿನ ಹರಿವನ್ನು ಹೆಚ್ಚು ಕೆಡಿಸದೆ ಗಾಳಿಯನ್ನು ಒಳಗೆ ಜಾರಿಸಿಕೊಳ್ಳಲು 1940ರ ದಶಕದಲ್ಲಿ ವಿಮಾನಗಳಿಗಾಗಿ ಅದೇ ನಾಕಾ ಸಂಸ್ಥೆ ರೂಪಿಸಿದ ಆಕಾರ ಅದು. 1974ರಲ್ಲಿ ಮಾರಾಟಕ್ಕೆ ಬಂದ ಎಲ್‌ಪಿ400 ಮಾದರಿ ಈ ಎಲ್ಲ ಮಾರ್ಪಾಡುಗಳನ್ನು ಹೊತ್ತೇ ಬಂತು. ಮುಂದೆ ಆ ಕಾರಿನ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡ ಲಕ್ಷಾಂತರ ಹುಡುಗರಿಗೆ ಆ ಪೆಟ್ಟಿಗೆಗಳೇ ಅದರ ಗತ್ತಾಗಿ ಕಂಡವು ಎಂಬುದು ಬೇರೆ ಮಾತು. ಗಾಂದಿನಿಯವರ ನುಣುಪಾದ ಮೊದಲ ಕಾರನ್ನು ಅದೇ 1974ರಲ್ಲಿ ಇಂಗ್ಲೆಂಡಿನ ಪರೀಕ್ಷಾ ಕೇಂದ್ರದಲ್ಲಿ ಗೋಡೆಗೆ ಡಿಕ್ಕಿ ಹೊಡೆಸಿ ಸುರಕ್ಷತೆಯ ಪರೀಕ್ಷೆ ಮಾಡಿ ಗುಜರಿಗೆ ಹಾಕಲಾಯಿತು.

ಇಲ್ಲಿ ಒಂದು ಬೆಲೆಯೂ ಇದೆ. ಕಿಂಡಿ ದೊಡ್ಡದಾದಷ್ಟೂ ಗಾಳಿಯ ತಡೆ ಹೆಚ್ಚು, ವೇಗ ಕಡಿಮೆ. ಫಾರ್ಮುಲಾ ಒನ್ ತಂಡಗಳು ಸೆಖೆಯ ಊರುಗಳಲ್ಲಿ ಕಾರಿನ ಮೈಗೆ ದೊಡ್ಡ ನಿರ್ಗಮನ ಕಿಂಡಿಗಳ ತಗಡು ಹಾಕುತ್ತವೆ, ತಂಪಿನ ಊರುಗಳಲ್ಲಿ ಸಣ್ಣವನ್ನು. ಎಂಜಿನ್ ಉಳಿಸಿಕೊಳ್ಳಬೇಕೋ, ಸೆಕೆಂಡಿನ ಭಾಗಗಳನ್ನೋ ಎಂಬ ಲೆಕ್ಕ ಪ್ರತಿ ಪಂದ್ಯಕ್ಕೂ ಹೊಸದು.

ಕರ್ನಾಟಕದ ನಂಟು

1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಕಂಪನಿ ‘ಸ್ಟಾರ್ಮ್’ ಎಂಬ ಎರಡು ಸೀಟಿನ ಕಾರನ್ನು ಹೊರತಂದಿತ್ತು. ಗಾಜಿನ ನಾರಿನ ಮೈ, ಫ್ರಾನ್ಸಿನ ರೆನೋ ಕಂಪನಿಯ 1,149 ಸಿಸಿ ಎಂಜಿನ್. ಹೆಚ್ಚು ಮಾರಾಟವಾಗದೆ ಅದು ಮರೆಗೆ ಸರಿಯಿತು. ಕಿಂಡಿಯ ಪಾಠ ಹೇಳುವಷ್ಟು ಬಿಸಿಯಾಗುವ ಕಾರೂ ಅದಾಗಿರಲಿಲ್ಲ.

ಅದಕ್ಕಿಂತ ಚೆನ್ನಾಗಿ ಪಾಠ ಹೇಳುವುದು ಸ್ಪೋರ್ಟ್ಸ್ ಕಾರೇ ಅಲ್ಲದ ಒಂದು ಗಾಡಿ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2009ರಲ್ಲಿ ಹೊರಬಂದ ಫಾರ್ಚುನರ್ ಗಾಡಿಯ ಬಾನೆಟ್ಟಿನ ಮೇಲೆ ಮುಂದಕ್ಕೆ ಬಾಯಿ ತೆರೆದ ಒಂದು ಉಬ್ಬು ಇತ್ತು. ಅದು ಎಂಜಿನ್ ಕೋಣೆಯನ್ನು ತಂಪು ಮಾಡಲು ಇಟ್ಟದ್ದಲ್ಲ. ಅದರ ಕೆಳಗೇ ಇಂಟರ್‌ಕೂಲರ್ ಎಂಬ ಸಣ್ಣ ರೇಡಿಯೇಟರ್ ಕೂತಿತ್ತು. ಟರ್ಬೊ ಒತ್ತಿ ಬಿಸಿ ಮಾಡಿದ ಗಾಳಿ ಎಂಜಿನ್ನಿಗೆ ಹೋಗುವ ಮೊದಲು ಅಲ್ಲಿ ತಣಿಯುತ್ತಿತ್ತು. ರಾಜಕಾರಣಿಗಳ ಬೆನ್ನಿಗೆ ಬಂದ ಈ ಉಬ್ಬನ್ನು ನೋಡಿ ಬೇರೆ ಗಾಡಿಗಳ ಮಾಲೀಕರೂ ತಮ್ಮ ಬಾನೆಟ್ಟಿಗೆ ಅಂಥದ್ದೇ ಉಬ್ಬು ಕೂಡಿಸಿಕೊಂಡರು. ಕೆಳಗೆ ಇಂಟರ್‌ಕೂಲರ್ ಇಲ್ಲದ ಕಡೆ ತೂತು ಕೊರೆದು ಗಾಳಿ ನುಗ್ಗಿಸಿದರೆ ಬಾನೆಟ್ಟಿನೊಳಗಿನ ಒತ್ತಡ ಏರುತ್ತದೆ, ರೇಡಿಯೇಟರ್ ಮೂಲಕ ಬರಬೇಕಾದ ಗಾಳಿ ಹಿಂಜರಿಯುತ್ತದೆ. ಮಳೆಗಾಲದಲ್ಲಿ ನೀರೂ ಒಳಗೆ ಬೀಳುತ್ತದೆ. ಬೆಳಕಿಂಡಿ ಮುಚ್ಚಿ ಕಿಟಕಿ ತೆರೆದ ಅಡುಗೆಮನೆಯ ಗತಿ ಇದು.

ಹಾಗಾದರೆ ಸರಿಯಾದ ಜಾಗ ಗೊತ್ತಾಗುವುದು ಹೇಗೆ? ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕಿಲ್ಲ. ಒಂದು ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯನ್ನು ಇಂಗ್ಲಿಷಿನ ಯು ಅಕ್ಷರದಂತೆ ಬಾಗಿಸಿ, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಬಾನೆಟ್ಟಿನ ಮೇಲೆ ಕಿಂಡಿ ಇಡಬೇಕೆಂದಿರುವ ಜಾಗದಲ್ಲಿ, ಇನ್ನೊಂದನ್ನು ಬಾನೆಟ್ಟಿನ ಒಳಗೆ ಅಂಟಿಸಿ ಗಾಡಿ ಓಡಿಸಬೇಕು. ನೀರು ಯಾವ ಕಡೆ ಏರಿತೋ ಆ ಕಡೆ ಒತ್ತಡ ಕಡಿಮೆ. ಮೇಲಿನ ತುದಿಯ ಕಡೆ ಏರಿದರೆ ಅಲ್ಲಿ ಕಿಂಡಿ ಕೊರೆದಾಗ ಬಿಸಿಗಾಳಿ ಹೊರಬರುತ್ತದೆ, ಒಳಗಿನ ತುದಿಯ ಕಡೆ ಏರಿದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಯಲಬುರ್ಗಾದ ಬೇಸಿಗೆ ಗಾಳಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರಿನ ಮೂತಿಯ ಮೇಲೆ ಬೀಳುವ ಪೂರ್ಣ ಒತ್ತಡ ಸುಮಾರು 40 ಮಿಲಿಮೀಟರ್ ನೀರಿನಷ್ಟು. ವೇಗ 50ಕ್ಕೆ ಇಳಿದರೆ ಅದು ಹತ್ತಕ್ಕೆ ಇಳಿಯುತ್ತದೆ, ವೇಗ ಅರ್ಧವಾದರೆ ಒತ್ತಡ ಕಾಲುಭಾಗ. ಹಳ್ಳಿಯ ತಗ್ಗುದಿನ್ನೆಯ ರಸ್ತೆಯಲ್ಲಿ 30ರ ವೇಗದಲ್ಲಿ ಸಾಗುವ ಗಾಡಿಗೆ ಎಂಥ ಕಿಂಡಿಯೂ ಹೆಚ್ಚು ನೆರವಾಗದು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ. ಇನ್ನೊಂದು ವಿಧಾನ ಮತ್ತೂ ಸರಳ. ಬಾನೆಟ್ಟಿನ ಮೇಲೆ ಗೇಣಿನ ಕಾಲುಭಾಗದಷ್ಟು ಉದ್ದದ ಉಣ್ಣೆ ಎಳೆಗಳನ್ನು ಟೇಪಿನಿಂದ ಅಂಟಿಸಿ ಪಕ್ಕದ ಗಾಡಿಯಿಂದ ನೋಡುವುದು. ಎಳೆಗಳು ಗಾಳಿ ಹರಿಯುವ ದಿಕ್ಕು ತೋರಿಸುತ್ತವೆ. ವಿಮಾನ ಪರೀಕ್ಷಕರೂ ಬಳಸುವ ಪದ್ಧತಿ ಇದು, ಕಂಬಳಿ ನೇಯುವ ಸೀಮೆಯಲ್ಲಿ ಉಣ್ಣೆಗೇನು ಬರವಿಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮಾರ್ಪಾಡಿಗೆ ಮಿತಿ ಹಾಕುತ್ತದೆ. ತಯಾರಕರು ನೀಡಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ನೀಡಿದೆ. ಮುಚ್ಚಿದ ಟ್ರ್ಯಾಕಿನಲ್ಲಿ ಓಡುವ ಪಂದ್ಯದ ಕಾರಿನ ಕಥೆ ಬೇರೆ. ಊರ ರಸ್ತೆಯ ಗಾಡಿಗೆ ಗರಗಸ ಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳುವುದು ಒಳ್ಳೆಯದು.

ಅಷ್ಟಕ್ಕೂ ಗರಗಸದ ಅಗತ್ಯವೇ ಬೀಳದ ಪ್ರಸಂಗಗಳು ಹೆಚ್ಚು. ರೇಡಿಯೇಟರಿನ ಮುಂದೆ ಅಕ್ಕಪಕ್ಕ ಸಂದಿಗಳಿದ್ದರೆ ಗಾಳಿ ಸುಲಭದ ದಾರಿ ಹಿಡಿದು ರೇಡಿಯೇಟರನ್ನೇ ತಪ್ಪಿಸಿಕೊಂಡು ಹೋಗುತ್ತದೆ. ಅಲ್ಲಿ ಒಂದಿಷ್ಟು ರಬ್ಬರ್ ಪಟ್ಟಿ ತುರುಕಿದರೆ ಸಾಕು. ರಿಪೇರಿಯ ಹೊತ್ತಿಗೆ ಬಿಚ್ಚಿದ ಫ್ಯಾನಿನ ಸುತ್ತಲಿನ ಬಳೆಯನ್ನೂ ಎಂಜಿನ್ನಿನ ಕೆಳಗಿನ ತಟ್ಟೆಯನ್ನೂ ಮತ್ತೆ ಹಾಕದೆ ಬಿಟ್ಟರೆ ಅಷ್ಟಕ್ಕೇ ಎಂಜಿನ್ ಕಾಯಲು ಶುರುವಾಗಬಹುದು. ಯಲಬುರ್ಗಾ, ಕುಕನೂರು ಕಡೆಯ ಹೊಲಗಳಲ್ಲಿ ಜೋಳ, ಕಡಲೆಯ ರಾಶಿ ನಡೆಯುವ ದಿನಗಳಲ್ಲಿ ಟ್ರ್ಯಾಕ್ಟರಿನ ಮುಂದಿನ ಜಾಲರಿಗೆ ಹೊಟ್ಟು ಮೆತ್ತಿಕೊಂಡು ಗಾಳಿಯ ದಾರಿಯೇ ಕಟ್ಟಿಹೋಗುತ್ತದೆ. ಅನುಭವಸ್ಥ ಚಾಲಕರು ಮೀಟರಿನ ಮುಳ್ಳು ಏರುವುದನ್ನು ಕಾಯುವುದಿಲ್ಲ. ಆಗಾಗ ರಾಶಿ ಯಂತ್ರ ನಿಲ್ಲಿಸಿ, ಜಾಲರಿ ಕಳಚಿ, ಎರಡು ಸಲ ನೆಲಕ್ಕೆ ಕುಟ್ಟಿ, ಹೊಟ್ಟು ಕೊಡವಿ ಮತ್ತೆ ಸಿಕ್ಕಿಸುತ್ತಾರೆ.